ಸುಣ್ಣ ಹುಡುಕುವ ನೀರು

ಹನುಮಂತನಗರದ ನಮ್ಮ ಮನೆಯಿಂದ ಆ ಶೆಡ್ಡಿಗೆ ನಡೆದು ಹೋಗಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ತ್ಯಾಗರಾಜನಗರ ದಾಟಿ ಯಡಿಯೂರು ಕೆರೆಯ ಏರಿ ಹತ್ತಿದರೆ ಆಚೆ ಜಯನಗರದ ಹೊಸ ಸೈಟುಗಳು. ಗಡಿಕಲ್ಲು ನೆಟ್ಟಾಗಿತ್ತು, ರಸ್ತೆ ಹಾಕಿಯಾಗಿತ್ತು, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ಬೆಳಗಿನ ಮಂಜಿನಲ್ಲಿ ಆ ಖಾಲಿ ರಸ್ತೆಗಳಲ್ಲಿ ನಡೆಯುವಾಗ, ಇನ್ನೂ ಹುಟ್ಟದ ಊರೊಂದರೊಳಗೆ ಹೋಗುತ್ತಿದ್ದೇನೆ ಅನಿಸುತ್ತಿತ್ತು. ಕೊನೆಗೆ ಬನಶಂಕರಿಯ ಕಡೆ ತಿರುಗಿದರೆ ರಾಗಿ ಹೊಲ, ಹೊಲದ ಅಂಚಿಗೆ ಎರಡು ಹೊಂಗೆ ಮರ, ಮರದ ಕೆಳಗೆ ತಗಡಿನ ಶೆಡ್ಡು.

ಅದು ಅರವತ್ತರ ದಶಕದ ಶುರು. ನನಗೆ ಹತ್ತೊಂಬತ್ತು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಶೆಡ್ಡಿನ ಮಾಲೀಕರು ಅಪ್ಪನಿಗೆ ಪರಿಚಯದವರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವರು, ಅದನ್ನು ಬಿಟ್ಟು ಈ ಕೆಲಸ ಹಿಡಿದಿದ್ದರು. ಹಾಗಾಗಿ ಅವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಆಸ್ಪತ್ರೆಗೆ ಬೇಕಾದ ಔಷಧದ ಗ್ಲಾಸು, ಕಾಲೇಜಿನ ಲ್ಯಾಬಿಗೆ ಬೇಕಾದ ಅಳತೆಯ ಕೊಳವೆ, ಇವುಗಳ ಮೇಲೆ ಗೆರೆ ಮತ್ತು ಅಂಕಿಗಳನ್ನು ಮೂಡಿಸುವುದು ನಮ್ಮ ಕೆಲಸ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಮೇಣ ಕಾಯಿಸಿ, ಗಾಜನ್ನು ಅದರಲ್ಲಿ ಅದ್ದಿ ತೆಗೆಯುವುದು. ಮೇಣ ಆರಿದ ಮೇಲೆ ಸೂಜಿಯಂಥ ಕಡ್ಡಿಯಿಂದ ಗೆರೆ ಕೊರೆಯುವುದು; ಕೊರೆದ ಕಡೆ ಮೇಣ ಹೋಗಿ ಗಾಜು ಕಾಣುತ್ತದೆ. ಆಮೇಲೆ ಅದರ ಮೇಲೆ ಒಂದು ಆಸಿಡ್ ಸವರಬೇಕು. ಮೇಣವನ್ನು ಅದು ಏನೂ ಮಾಡುವುದಿಲ್ಲ, ಗಾಜನ್ನು ತಿನ್ನುತ್ತದೆ. ತೊಳೆದು, ಬಿಸಿನೀರಿನಲ್ಲಿ ಮೇಣ ಕರಗಿಸಿದರೆ ಗೆರೆ ಗಾಜಿನಲ್ಲೇ ಉಳಿದುಬಿಡುತ್ತದೆ. ಮೇಣ ಹಚ್ಚಿ ಗೆರೆ ಕೊರೆಯುವವರು ನಾವು ನಾಲ್ಕು ಜನ ಹೆಂಗಸರು. ಆಸಿಡ್ ಮುಟ್ಟುತ್ತಿದ್ದವರು ಒಬ್ಬರೇ, ಗೌಡ್ರು.

ಗೌಡ್ರು ತಲಘಟ್ಟಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಸ್ವಲ್ಪ ಹೊಲವೂ ಇತ್ತು. ಮಾತು ಕಡಿಮೆ. ಬಲಗೈ ನಡುಬೆರಳಿನ ತುದಿಯ ಒಂದು ಗೆಣ್ಣು ಇರಲಿಲ್ಲ. ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಯಿತು ಅಂತ ಹೇಳಿದ್ದರು, ನಾವು ನಂಬಿದ್ದೆವು. ಆಸಿಡ್ಡನ್ನು ಅವರು ಯಾವತ್ತೂ ಆಸಿಡ್ ಅನ್ನುತ್ತಿರಲಿಲ್ಲ. 'ನೀರು' ಅನ್ನುತ್ತಿದ್ದರು. ಗಾಜಿನ ಶೀಸೆಯಲ್ಲಿ ಅದನ್ನು ಇಡುವಂತಿಲ್ಲವಲ್ಲ, ಸೀಸದ ಒಂದು ಪಾತ್ರೆಯಲ್ಲಿ ಇರುತ್ತಿತ್ತು. ಹಿಂದಿನ ಬಾಗಿಲ ಹೊರಗೆ, ಗಾಳಿ ಆಡುವ ಕಡೆ ಬೆಂಚು ಹಾಕಿಕೊಂಡು, ರಬ್ಬರ್ ಗ್ಲೌಸು ತೊಟ್ಟು, ಕುಂಚದಿಂದ ಸವರುತ್ತಿದ್ದರು. ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ.

ನನಗೆ ಆ ಬೆಂಚಿನ ಮೇಲೆ ಕಣ್ಣು. ನಾವು ಮೇಣದ ಮೇಲೆ ಎಷ್ಟೇ ನಯವಾಗಿ ಗೆರೆ ಎಳೆದರೂ ಅದು ಬರೀ ಮೇಣ. ಉಗುರು ತಾಗಿದರೆ ಅಳಿಸಿಹೋಗುತ್ತದೆ. ಗೌಡ್ರ ಬೆಂಚಿನಿಂದ ಎದ್ದು ಬಂದ ಗೆರೆ ಅಳಿಸುವುದಿಲ್ಲ. ಬಿಸಿನೀರಿನಿಂದ ತೆಗೆದ ಗ್ಲಾಸನ್ನು ಅವರು ಬಿಸಿಲಿಗೆ ಹಿಡಿದು ಸ್ವಲ್ಪ ಓರೆ ಮಾಡುತ್ತಿದ್ದರು. ಆಗ, ಇಲ್ಲದ ಗೆರೆಗಳೆಲ್ಲ ಒಮ್ಮೆಗೇ ಬೆಳ್ಳಗೆ ಕಾಣಿಸಿಕೊಳ್ಳುತ್ತಿದ್ದವು. ಮೇಣದ ವಾಸನೆ ತುಂಬಿದ ಮಧ್ಯಾಹ್ನಗಳಲ್ಲಿ, ಕಣ್ಣು ಎಳೆಯುತ್ತಿರುವಾಗ, ನಾನೇ ಆ ಬೆಂಚಿನ ಮೇಲೆ ಕೂತಿರುವ ಹಾಗೆ ಎಷ್ಟೋ ಸಲ ಕಂಡಿದ್ದೇನೆ.

ಒಂದು ದಿನ ಮಗಳ ಸೀಮಂತ ಅಂತ ಗೌಡ್ರು ಬರಲಿಲ್ಲ. ಅವತ್ತೇ ಸಂಜೆ ಒಂದು ಪೆಟ್ಟಿಗೆ ಔಷಧದ ಗ್ಲಾಸು ಆಸ್ಪತ್ರೆಯೊಂದಕ್ಕೆ ಹೋಗಬೇಕಿತ್ತು. ಮೇಣ ಹಚ್ಚಿ, ಗೆರೆ ಕೊರೆದು, ಸಾಲಾಗಿ ಜೋಡಿಸಿ ಆಗಿತ್ತು. ತಾವೇ ಆಸಿಡ್ ಸವರಲು ಮೇಷ್ಟ್ರು ತೋಳು ಮಡಚುತ್ತಿದ್ದರು. ನಾನು ಮಾಡುತ್ತೇನೆ ಅಂದೆ. ಅವರು ನನ್ನ ಮುಖ ನೋಡಿದರು, ಗಡಿಯಾರ ನೋಡಿದರು. ಊರೊಳಗೆ ಅವರಿಗೆ ಬೇರೆ ಕೆಲಸವಿತ್ತು. ಗ್ಲೌಸ್ ಹಾಕಿಕೊ, ಮೂಗು ಹತ್ತಿರ ತರಬೇಡ, ಹುಷಾರು ಅಂತ ಹೇಳಿ ಹೊರಟರು.

ಗೌಡ್ರ ಗ್ಲೌಸು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಬಲಗೈಯದರ ನಡುಬೆರಳಿನ ತುದಿಗೆ ನೂಲು ಸುತ್ತಿ ಗಂಟು ಹಾಕಿದ್ದರು. ಅವರ ಬೆರಳು ಗಿಡ್ಡ, ಉಳಿದ ರಬ್ಬರು ಕುಂಚಕ್ಕೆ ಅಡ್ಡ ಬರುತ್ತದೆ ಅಂತ ಕಟ್ಟಿದ್ದಾರೆ ಅಂದುಕೊಂಡೆ. ನನ್ನ ಬೆರಳು ಪೂರ್ತಿ ಇತ್ತಲ್ಲ, ಅದರಲ್ಲಿ ಹಿಡಿಸಲಿಲ್ಲ. ಹಲ್ಲಿನಿಂದ ಗಂಟು ಸಡಿಲಿಸಿ ನೂಲು ಬಿಚ್ಚಿದೆ.

ಆಸಿಡ್ ನಿಜಕ್ಕೂ ನೀರಿನ ಹಾಗೇ ಇತ್ತು. ಕುದಿಯಲಿಲ್ಲ, ಸದ್ದು ಮಾಡಲಿಲ್ಲ. ಕುಂಚ ಅದ್ದಿ ಸವರುತ್ತಾ ಹೋದೆ. ಹೊಲದ ಕಡೆಯಿಂದ ಗಾಳಿ ಬರುತ್ತಿತ್ತು, ಹೊಂಗೆಯ ನೆರಳು ಬೆಂಚಿನ ಮೇಲೆ ಅಲುಗುತ್ತಿತ್ತು. ಗ್ಲೌಸಿನ ಒಳಗೆ ಬೆರಳ ತುದಿ ಸ್ವಲ್ಪ ತೇವ ಅನಿಸಿತು, ಬೆವರು ಅಂದುಕೊಂಡೆ. ತೊಳೆದೆ, ಮೇಣ ಕರಗಿಸಿದೆ, ಮೊದಲ ಗ್ಲಾಸನ್ನು ಬಿಸಿಲಿಗೆ ಹಿಡಿದು ಓರೆ ಮಾಡಿದೆ. ಗೆರೆಗಳು ಬಂದಿದ್ದವು. ನಾನು ಕೊರೆದ ಗೆರೆ, ನಾನೇ ಅಳಿಸದ ಹಾಗೆ ಮಾಡಿದ ಗೆರೆ. ಉಳಿದ ಮೂವರನ್ನೂ ಕರೆದು ತೋರಿಸಿದೆ.

ಆ ಸಂಜೆ ಮನೆಗೆ ನಡೆದದ್ದು ನನ್ನ ಮನಸ್ಸಿನಲ್ಲಿ ಹಾಗೇ ನಿಂತಿದೆ. ಕೆರೆಯ ನೀರು ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಏರಿಯ ಮೇಲೆ ಎಮ್ಮೆಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಅವುಗಳ ಹಿಂದೆ ನಾನು. ಅವಸರವೇ ಇರಲಿಲ್ಲ. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅನ್ನುವಷ್ಟು ಹಗುರಾಗಿದ್ದೆ.

ಮನೆಗೆ ಬಂದು ಅಕ್ಕಿ ತೊಳೆಯುವಾಗ ಬೆರಳು ಮಿಡಿಯಲು ಶುರುವಾಯಿತು. ಮೊದಲು ಯಾರೋ ಒಳಗಿನಿಂದ ಮೆಲ್ಲಗೆ ತಟ್ಟಿದ ಹಾಗೆ. ದೀಪ ಹಚ್ಚುವ ಹೊತ್ತಿಗೆ ತಟ್ಟುವುದು ಹೋಗಿ ಕೊರೆಯುವುದಾಯಿತು. ದೀಪದ ಹತ್ತಿರ ಹಿಡಿದು ನೋಡಿದೆವು. ಬೊಬ್ಬೆ ಇಲ್ಲ, ಕೆಂಪಾಗಿಲ್ಲ, ಗೀರು ಕೂಡ ಇಲ್ಲ. ಅಮ್ಮ ಉಗುರುಸುತ್ತು ಅಂದಳು. ನಿಂಬೆಹಣ್ಣಿಗೆ ತೂತು ಮಾಡಿ, ಉಪ್ಪು ಅರಿಶಿನ ತುಂಬಿ, ಬೆರಳಿಗೆ ಟೊಪ್ಪಿಗೆಯಂತೆ ತೊಡಿಸಿದಳು. ಬೆಳಗಿನವರೆಗೆ ನಾನು ಕೈಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ಕೂತಿದ್ದೆ. ಬೆರಳು ನನ್ನದಲ್ಲ, ಯಾರದೋ ಬೆರಳನ್ನು ಕಾಯುತ್ತಾ ಕೂತಿದ್ದೇನೆ ಅನ್ನುವ ಹಾಗಾಗಿತ್ತು.

ಬೆಳಕು ಹರಿಯುತ್ತಲೇ ಶೆಡ್ಡಿನ ಕಡೆ ಹೊರಟೆ. ಈ ಸ್ಥಿತಿಯಲ್ಲಿ ಕೆಲಸಕ್ಕೆ ಯಾಕೆ ಅಂತ ಅಮ್ಮ ತಡೆದಳು. ಕೆಲಸಕ್ಕಲ್ಲ ಅಂದೆ, ಮತ್ತೆ ಯಾಕೆ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಖಾಲಿ ಸೈಟುಗಳು ಮಂಜಿನಲ್ಲಿ ತೇಲುತ್ತಿದ್ದವು. ದಾರಿಯಲ್ಲಿ ಎಲ್ಲಿ ಕೂತೆ, ಎಲ್ಲಿ ಎದ್ದೆ, ನೆನಪಿಲ್ಲ.

ಗೌಡ್ರು ಆಗಲೇ ಬಂದು ಬಕೆಟ್ಟು ತೊಳೆಯುತ್ತಿದ್ದರು. ನನ್ನ ಬೆರಳಿನ ನಿಂಬೆಹಣ್ಣು ನೋಡಿದರು. ಗೋಡೆಯ ಮೇಲಿನ ಗ್ಲೌಸು ನೋಡಿದರು. ಬಕೆಟ್ಟು ಕೆಳಗಿಟ್ಟರು.

"ನೆನ್ನೆ ನೀರು ಮುಟ್ಟಿದ್ಯಾ ಅಮ್ಮಣ್ಣಿ?"

ತಲೆಯಾಡಿಸಿದೆ. ಅವರು ನಿಂಬೆಹಣ್ಣು ಕಿತ್ತು ಬಿಸಾಕಿದರು. ಬೆರಳ ತುದಿ ಈಗ ಬೂದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಉಗುರಿನ ಬುಡ ನೀಲಿಗಟ್ಟಿತ್ತು. ಕೈಯನ್ನು ಹಿಡಿದು ತಣ್ಣೀರಿನ ಪೀಪಾಯಿಯಲ್ಲಿ ಮುಳುಗಿಸಿ, ಹಾಗೇ ಇಟ್ಟುಕೊಂಡಿರು ಅಂತ ಹೇಳಿ ಯಡಿಯೂರಿನ ಕಡೆ ಸೈಕಲ್ ತುಳಿದರು. ಒಂದು ಜಟಕಾ ಕರೆತಂದರು. ಬಕೆಟ್ಟಿನಲ್ಲಿ ನೀರು ತುಂಬಿ ನನ್ನ ಮಡಿಲಲ್ಲಿಟ್ಟರು, ಕೈ ಅದರೊಳಗೆ. ಕುದುರೆಯ ಹೆಜ್ಜೆಗೆ ನೀರು ತುಳುಕಿ ಸೀರೆಯೆಲ್ಲ ಒದ್ದೆಯಾಯಿತು. ಬಸವನಗುಡಿಯ ಮರಗಳು ತಲೆಯ ಮೇಲೆ ಹಿಂದಕ್ಕೆ ಹರಿದು ಹೋಗುತ್ತಿದ್ದವು. ಗಾಂಧಿ ಬಜಾರಿನಲ್ಲಿ ಯಾರೋ ಮಲ್ಲಿಗೆಯ ಬುಟ್ಟಿ ಇಳಿಸುತ್ತಿದ್ದರು. ಆ ವಾಸನೆಯೂ ನೋವೂ ಒಂದೇ ಅನ್ನುವಷ್ಟು ತಲೆ ಮಂಕಾಗಿತ್ತು.

ಗೌಡ್ರು ನನ್ನನ್ನು ಒಬ್ಬ ವಯಸ್ಸಾದ ಡಾಕ್ಟರ ಷಾಪಿಗೆ ಕರೆದೊಯ್ದರು. ಡಾಕ್ಟರು ಬೆರಳು ಒತ್ತಿ ನೋಡಿ, ಒಳಗೆ ಕೀವು ಕಟ್ಟುತ್ತಿದೆ, ಸ್ವಲ್ಪ ಕೊಯ್ದು ಬಿಡುತ್ತೇನೆ ಅಂದರು. ಬಾಗಿಲಲ್ಲಿ ನಿಂತಿದ್ದ ಗೌಡ್ರು ಒಳಗೆ ಬಂದರು.

"ಕೀವಲ್ಲ ಸಾಮಿ. ಗಾಜು ತಿನ್ನೋ ನೀರು ಒಳೀಕ್ ಹೋಗೈತೆ."

ಚರ್ಮ ಸುಟ್ಟೇ ಇಲ್ಲವಲ್ಲ ಅಂತ ಡಾಕ್ಟರು ಕೇಳಿದರು.

"ಅದು ಚರ್ಮದ ತಂಟೆಗೆ ಬರಾಕಿಲ್ಲ. ಸುಣ್ಣ ಹುಡುಕ್ಕೊಂಡ್ ಹೋಯ್ತದೆ. ಮೂಳೆಯಾಗೆ ಸುಣ್ಣ ಐತಲ್ಲ, ಅಲ್ಲೀಗಂಟ ಹೋಗಿ ಕುಂತ್ಕತದೆ."

ಆಮೇಲೆ ತಮ್ಮ ಬಲಗೈ ಮೇಜಿನ ಮೇಲಿಟ್ಟರು. ಒಂದು ಗೆಣ್ಣು ಇಲ್ಲದ ಆ ಬೆರಳನ್ನು ಅಷ್ಟು ಬೆಳಕಿನಲ್ಲಿ ನಾನು ಮೊದಲ ಸಲ ನೋಡಿದ್ದು.

"ನಂದೂ ಹಿಂಗೇ ಸುರುವಾಯ್ತು. ಮುಂಚೆ ಒಂದು ಕಾರ್ಖಾನೇಲಿದ್ದೆ. ಮೂರು ದಿನ ಯಾರೂ ನಂಬ್ನಿಲ್ಲ, ಆಮ್ಯಾಕೆ ಕತ್ತರಿಸ್ಬೇಕಾಯ್ತು. ಗಾಣಕ್ಕೆ ಸಿಕ್ತು ಅಂತ ಎಲ್ರಿಗೂ ಸುಳ್ಳು ಹೇಳ್ಕೊಂಡ್ ಬಂದಿವ್ನಿ. ಈ ನೀರಿಗೆ ಬೆರಳು ಕೊಟ್ಟೋನು ಅಂದ್ರೆ ಯಾರು ಸಾಮಿ ಕೆಲ್ಸ ಕೊಡ್ತಾರೆ?"

ಹಾಗಾದರೆ ಏನು ಮಾಡಬೇಕು ಅಂತೀರಿ ಅಂತ ಡಾಕ್ಟರು ಗೌಡ್ರನ್ನೇ ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳಿದರು.

"ನಂಗೇನ್ ಗೊತ್ತು ಸಾಮಿ. ಅದಕ್ಕೆ ಬ್ಯಾರೆ ಸುಣ್ಣ ಕೊಡೋಕಾದ್ರೆ ಕೊಡಿ. ಈ ಮಗೀನ ಮೂಳೆ ಬಿಟ್ಟು ಅದನ್ನ ತಿನ್ಲಿ."

ಡಾಕ್ಟರು ಎದ್ದು ಒಳಗಿನ ಬೀರುವಿನಿಂದ ದಪ್ಪದೊಂದು ಪುಸ್ತಕ ತೆಗೆದರು. ನಿಂತುಕೊಂಡೇ ಹಾಳೆ ತಿರುವಿ, ಒಂದು ಕಡೆ ಓದಿದರು, ಮತ್ತೊಮ್ಮೆ ಓದಿದರು. ಕ್ಯಾಲ್ಸಿಯಂ ಇಂಜೆಕ್ಷನ್ ಅವರ ಷಾಪಿನಲ್ಲೇ ಇತ್ತು. ಬಸುರಿಯರಿಗೂ ಸೊರಗಿದ ಮಕ್ಕಳಿಗೂ ಕೊಡಲು ಇಟ್ಟುಕೊಂಡದ್ದು. ಗೌಡ್ರು ಕೇಳಿದ ಸುಣ್ಣ ಅದೇ ಅಂತ ನನಗೆ ಆಮೇಲೆ ತಿಳಿಯಿತು.

ಬೆರಳ ತುದಿಗೇ ನಾಲ್ಕೈದು ಕಡೆ ಚುಚ್ಚಿದರು. ಗೌಡ್ರು ನನ್ನ ಮುಂಗೈ ಒತ್ತಿ ಹಿಡಿದಿದ್ದರು. ನಾನು ಸಿರಿಂಜಿನ ಮೇಲಿನ ಗೆರೆಗಳನ್ನು ಎಣಿಸುತ್ತಿದ್ದೆ. ಯಾವ ಊರಿನಲ್ಲಿ ಯಾವ ಹೆಂಗಸು ಇದನ್ನು ಕೊರೆದಳೋ ಅನ್ನುವ ಯೋಚನೆ ಬಂತು. ಎಣಿಕೆ ತಪ್ಪಿತು. ಮತ್ತೆ ಮೊದಲಿಂದ ಶುರುಮಾಡುವಷ್ಟರಲ್ಲಿ ನೋವು ಹಿಂದೆ ಸರಿಯುತ್ತಿರುವುದು ಗೊತ್ತಾಯಿತು. ಒಮ್ಮೆಗೇ ಹೋಗಲಿಲ್ಲ, ಮನೆಗೆ ಬಂದ ಪರಿಚಯವಿಲ್ಲದವರು ಒಬ್ಬೊಬ್ಬರಾಗಿ ಎದ್ದು ಹೋದ ಹಾಗೆ ಹೋಯಿತು. ಅಲ್ಲೇ ಬೆಂಚಿನ ಮೇಲೆ ಮಲಗಿಬಿಟ್ಟೆ.

ಎದ್ದಾಗ ಮಧ್ಯಾಹ್ನ. ಸುದ್ದಿ ತಿಳಿದು ಬಂದ ಅಮ್ಮ ತಲೆಯ ಹತ್ತಿರ ಕೂತಿದ್ದಳು. ಗೌಡ್ರು ಮೆಟ್ಟಿಲ ಮೇಲೆ, ಮೇಷ್ಟ್ರು ಬೀದಿಯಲ್ಲಿ ನಿಂತಿದ್ದರು. ಮೇಷ್ಟ್ರು ಒಳಗೆ ಬರಲಿಲ್ಲ. ಅಮ್ಮ ಅವರಿಬ್ಬರಿಗೂ ಏನು ಹೇಳಬೇಕೋ ಅದನ್ನು ಆಗಲೇ ಹೇಳಿ ಮುಗಿಸಿದ್ದಳು ಅಂತ ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಬೆರಳು ಉಳಿಯಿತು. ಉಗುರು ಉಳಿಯಲಿಲ್ಲ, ಅದರ ಕೆಳಗೂ ಆಸಿಡ್ ಇಳಿದಿತ್ತು ಅಂತ ಎರಡು ದಿನ ಬಿಟ್ಟು ಡಾಕ್ಟರು ಅದನ್ನು ತೆಗೆದರು. ಮೂರು ವಾರ ಮನೆಯಲ್ಲಿದ್ದೆ. ಕಿಟಕಿಯ ಪಕ್ಕ ಚಾಪೆ ಹಾಕಿಕೊಂಡು, ಮನೆ ಹತ್ತಿರದ ಗುಡ್ಡದ ದೇವಸ್ಥಾನದ ಗಂಟೆ ಕೇಳುತ್ತಾ, ನಿದ್ದೆಗೂ ಎಚ್ಚರಕ್ಕೂ ನಡುವೆ ಇರುತ್ತಿದ್ದೆ. ಕಣ್ಣು ಮುಚ್ಚಿದರೆ ಬರೀ ಗೆರೆಗಳು. ಗೋಡೆಯ ಮೇಲೆ, ನೀರಿನ ಮೇಲೆ, ಅಮ್ಮನ ಬೆನ್ನ ಮೇಲೆ ಸಣ್ಣ ಸಣ್ಣ ಬೆಳ್ಳನೆಯ ಗೆರೆ. ಅಮ್ಮ ಅನ್ನ ಕಲಸಿ ಬಾಯಿಗೆ ಇಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಮತ್ತೆ ಮಗುವಾಗಿದ್ದೆ.

ಎರಡನೆಯ ವಾರ ಗೌಡ್ರು ಮನೆಗೆ ಬಂದರು. ಟವೆಲ್ಲಿನಲ್ಲಿ ಅವರೇಕಾಯಿ ಕಟ್ಟಿ ತಂದಿದ್ದರು. ಒಳಗೆ ಬನ್ನಿ ಅಂತ ಅಮ್ಮ ಕರೆದಳು; ಇಲ್ಲೇ ಚೆನ್ನಾಗೈತೆ ಅಂತ ಜಗಲಿಯ ಮೇಲೆ ಕೂತರು. ಅಮ್ಮ ಕಾಫಿ ತರಲು ಹೋದಾಗ ನನ್ನ ಮುಖ ನೋಡದೆ, ಬೀದಿಯ ಕಡೆ ನೋಡುತ್ತಾ ಮಾತಾಡಿದರು.

"ಆ ಗ್ಲೌಸ್ ತೂತಾಗಿತ್ತು ಅಮ್ಮಣ್ಣಿ. ನಂಗೆ ಗೊತ್ತಿತ್ತು. ನನ್ ಬೆರಳು ಅಲ್ಲೀಗಂಟ ಹೋಗಲ್ವಲ್ಲ, ನೂಲು ಕಟ್ಕೊಂಡ್ರೆ ಸಾಕು ಅಂತ ಸುಮ್ನಾದೆ. ಇನ್ನೊಬ್ರು ಹಾಕ್ಕೊಂಡಾರು ಅಂತ ಹೊಳೀನಿಲ್ಲ."

ನೂಲು ಬಿಚ್ಚಿದವಳು ನಾನೇ ಅಂದೆ. ಅವರು ಇದ್ದ ಕಡೆಯೇ ಇದ್ದರು, ಕತ್ತು ಮಾತ್ರ ಈ ಕಡೆ ತಿರುಗಿಸಿದರು. ಹಲ್ಲಿನಿಂದ ಬಿಚ್ಚಿದೆ ಅಂದೆ. ಅವರ ಕಣ್ಣು ತುಂಬಿಬಂತು, ಯಾಕೋ ನನಗೆ ನಗು ಬಂತು. ಸ್ವಲ್ಪ ಹೊತ್ತಿಗೆ ಅವರೂ ನಕ್ಕರು. ಅಮ್ಮ ಕಾಫಿ ತಂದಾಗ ಇಬ್ಬರೂ ಅವರೇಕಾಯಿ ಸೊಗಡಿನ ಮಾತು ಆಡುತ್ತಿದ್ದೆವು.

ನಾನು ಕೆಲಸಕ್ಕೆ ವಾಪಸು ಹೋದ ದಿನ ಶೆಡ್ಡಿನಲ್ಲಿ ಹೊಸ ಗ್ಲೌಸುಗಳಿದ್ದವು, ಮದ್ರಾಸಿನಿಂದ ತರಿಸಿದ್ದು, ನಾಲ್ಕು ಜೊತೆ. ಹಿಂದಿನ ಬಾಗಿಲ ಪಕ್ಕ ಒಂದು ನಲ್ಲಿ. ಕಪಾಟಿನಲ್ಲಿ ಕ್ಯಾಲ್ಸಿಯಂ ಇಂಜೆಕ್ಷನ್ನಿನ ಒಂದು ಪೆಟ್ಟಿಗೆ. ತಮ್ಮ ಬೆರಳಿನ ವಿಷಯ ಗೌಡ್ರು ಮೇಷ್ಟ್ರಿಗೂ ಹೇಳಿಬಿಟ್ಟಿದ್ದರು. ಮೊದಲೇ ಹೇಳಿದ್ದರೆ ನೀವು ನನ್ನನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದಿರಾ ಅಂತ ಗೌಡ್ರೇ ಕೇಳಿದ್ದರಂತೆ. ಮೇಷ್ಟ್ರು ಯೋಚಿಸಿ, ಬಹುಶಃ ಇಲ್ಲ ಅಂದರಂತೆ. ಅಷ್ಟು ಹೇಳಿದವರು ಮೂರು ದಿನ ಗೌಡ್ರ ಪಕ್ಕದಲ್ಲೇ ಕೂತು, ಆ ನೀರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದನ್ನೆಲ್ಲ ಕೇಳಿ ಬರೆದುಕೊಂಡರು. ಪುಸ್ತಕ ಓದಿ ಪಾಠ ಮಾಡಿದವರು ಅವರು. ಆದರೂ ಅದು ಸುಣ್ಣ ಹುಡುಕುತ್ತದೆ ಅನ್ನುವುದು ಅವರಿಗೆ ಪುಸ್ತಕದ ಒಂದು ಸಾಲಾಗಿತ್ತು, ಅಷ್ಟೇ.

ಒಂದು ದಿನ ಮೇಷ್ಟ್ರು ನನ್ನ ಮೇಣದ ಮೇಜಿನ ಹತ್ತಿರ ಬಂದು ನಿಂತು, ಅವತ್ತು ನಾನು ಗಡಿಯಾರ ನೋಡಬಾರದಿತ್ತು ಅಂದು ಹೊರಟುಹೋದರು.

ಹೊಸ ಉಗುರು ಬರಲು ವರ್ಷವೇ ಹಿಡಿಯಿತು. ಉಬ್ಬು ತಗ್ಗಾಗಿ ಬಂತು, ತುದಿಯಲ್ಲಿ ಸ್ಪರ್ಶ ಇರಲಿಲ್ಲ, ಇವತ್ತಿಗೂ ಇಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಬೆರಳು ನೋಡಿ ಕೇಳಿದಾಗ, ಅಮ್ಮ ಉಗುರುಸುತ್ತು ಅಂದುಬಿಟ್ಟಳು. ಅಲ್ಲ, ಕೆಲಸದಲ್ಲಿ ಆಸಿಡ್ ತಾಗಿದ್ದು ಅಂತ ನಾನು ಹೇಳಿದೆ. ಆ ಸಂಬಂಧ ಕೂಡಿಬರಲಿಲ್ಲ. ಮುಂದಿನದರಲ್ಲೂ ಹಾಗೇ ಹೇಳಿದೆ, ಅದು ಕೂಡಿಬಂತು.

ಅದಕ್ಕೂ ಮೊದಲೇ ನಾನು ಆಸಿಡ್ ಕೆಲಸ ಕಲಿಯುತ್ತೇನೆ ಅಂತ ಮೇಷ್ಟ್ರನ್ನು ಕೇಳಿದ್ದೆ. ಅಮ್ಮ ಎರಡು ದಿನ ಮಾತು ಬಿಟ್ಟಳು. ಮೇಷ್ಟ್ರು ಗೌಡ್ರ ಕಡೆ ಕೈ ತೋರಿಸಿದರು. ಬಹಳ ದಿನ ಬಿಟ್ಟು, ಒಂದು ಬೆಳಿಗ್ಗೆ ಗೌಡ್ರು ಕರೆದರು. ಮೊದಲು ಗ್ಲೌಸಿಗೆ ನೀರು ತುಂಬಿಸಿ ಹಿಂಡಿಸಿದರು, ಎಲ್ಲಾದರೂ ಹನಿ ಬರುತ್ತದಾ ಅಂತ ಒಂದೊಂದು ಬೆರಳನ್ನೂ ನೋಡಿಸಿದರು. ತಿಂಗಳುಗಟ್ಟಲೆ ಅಷ್ಟೇ ಪಾಠ. ಕುಂಚ ಕೊಟ್ಟದ್ದು ಆಮೇಲೆ.

ಮೊದಲ ದಿನ ಅವರು ನನ್ನ ಪಕ್ಕದಲ್ಲಿ ತಣ್ಣೀರಿನ ಬಕೆಟ್ಟು ಇಟ್ಟುಕೊಂಡು ಮೊಣಕಾಲೂರಿ ಕೂತಿದ್ದರು. ನಾನು ಹತ್ತು ಗ್ಲಾಸು ಮುಗಿಸಿದೆ, ಇಪ್ಪತ್ತು ಮುಗಿಸಿದೆ. ಅವರ ಕಣ್ಣು ನನ್ನ ಬೆರಳ ತುದಿ ಬಿಟ್ಟು ಕದಲಲಿಲ್ಲ. ಹೊಲದಲ್ಲಿ ರಾಗಿ ತೆನೆ ಬಿಟ್ಟಿತ್ತು. ದೂರದಲ್ಲಿ ಹೊಸ ಮನೆಯೊಂದಕ್ಕೆ ಕಲ್ಲು ಒಡೆಯುವ ಸದ್ದು ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ, ಇನ್ನು ನೀನೇ ಮಾಡ್ಕೊ ಅಂತ ಎದ್ದು, ಟವೆಲ್ಲು ಹಾಸಿ ಹೊಂಗೆ ಮರದ ಕೆಳಗೆ ಮಲಗಿದರು. ಅವರು ಹಗಲಲ್ಲಿ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಉಳಿದ ಗ್ಲಾಸುಗಳನ್ನು ಸವರಿ, ತೊಳೆದು, ಬಿಸಿನೀರಿಗೆ ಬಿಟ್ಟೆ. ಅವರು ಏಳುವವರೆಗೂ ಯಾರೂ ಮರದ ಕಡೆ ಹೋಗದ ಹಾಗೆ ನೋಡಿಕೊಂಡೆ.